ಹನ್ನೆರಡನೆಯ ಕುದುರೆ

ಬಿಷ್ಕೆಕ್‌ನಲ್ಲಿ, ನೀರಿನ ಕಚೇರಿಯ ಮೂರನೇ ಮಹಡಿ.
ರೇಡಿಯೇಟರಿನ ಮೇಲೆ ಬುರುಲ್‌ಳ ಒದ್ದೆ ಕೈಗವಸು.
ಕಪ್ಪು ಪರದೆ, ಮಿಣುಕುವ ಒಂದು ಗೀಟು.
ಅವಳು ಹೊಡೆಯುತ್ತಾಳೆ: ಜೋಲ್ ತೋರು.
ಅಷ್ಟೇ, ಎರಡೇ ಮಾತು.
ಉಸಿರು ಬಿಡುವುದರೊಳಗೆ ಅವಳು
ಮೂರು ಸಾವಿರದ ಆರುನೂರು ಮೀಟರ್ ಮೇಲೆ,
ಹಿಮನದಿಯ ಬಾಯಲ್ಲಿಟ್ಟ ತಗಡಿನ ಡಬ್ಬಿಯೊಳಗೆ ಕೂತು
ರಾತ್ರಿ ಕೆರೆ ಎಷ್ಟು ಏರಿತು ಎಂದು ವಿಚಾರಿಸುತ್ತಿದ್ದಾಳೆ.

ಜೋಲ್ ಅಂದರೆ ಅವರ ನುಡಿಯಲ್ಲಿ ದಾರಿ.
ಮುಕಾಶ್ ಬರೆದಿಟ್ಟು ಹೋದ ಪುಟ್ಟ ಸಲಕರಣೆ.
ಯಾವ ಯಂತ್ರ, ಯಾವ ವಿಳಾಸ, ಯಾವ ಪೋರ್ಟು,
ಯಾವ ಬೀಗಕ್ಕೆ ಯಾವ ಕೀಲಿ,
ಎಲ್ಲವನ್ನೂ ಒಂದು ಕಡತದಲ್ಲಿ ಮಡಿಚಿಟ್ಟು
ಮೇಲೊಂದು ಹೆಸರಿನ ಗಂಟು.
ಅಂಕಿ ಮರೆಯುತ್ತದೆ ಮಗಳೇ, ಅಂದಿದ್ದ,
ಮೂರು ಚುಕ್ಕೆಗಳ ನಡುವೆ ಸಿಕ್ಕಿಬಿದ್ದದ್ದು
ಯಾರ ನಾಲಿಗೆಗೆ ಒಗ್ಗೀತು?
ಕುದುರೆಯನ್ನು ಬಣ್ಣ ಹಿಡಿದು ಕೂಗು, ಕತ್ತಲಲ್ಲೂ ಬರುತ್ತದೆ.

ಅದಕ್ಕೇ ಪಟ್ಟಿಯ ತುಂಬ ಕುದುರೆಬಣ್ಣ.
ತೋರು ಅಂದರೆ ಕೆಂಗಂದು.
ನಾನು ‘ತೋರಿಸು’ ಎಂದೇ ಓದಿಕೊಂಡೆ,
ತಪ್ಪೇನಿಲ್ಲ, ಮಾಡುವ ಕೆಲಸ ಅದೇ.
ಕುಲ ಅಂದರೆ ಮಣ್ಣಿನ ಬಣ್ಣ, ಯಾರ ಜಾತಿಯೂ ಅಲ್ಲ.
ಆಲ ಅಂದರೆ ಮಚ್ಚೆಯದು, ಅದಕ್ಕೆ ಬಿಳಲಿಲ್ಲ.
ಕಾರಾ ಮಾತ್ರ ಅಲ್ಲೂ ಕರಿ, ಇಲ್ಲೂ ಕರಿ.

ಮುಕಾಶ್ ನಿವೃತ್ತನಾಗಿ ಎರಡು ಚಳಿಗಾಲ.
ಈಗ ಲೆಕ್ಕಪತ್ರದವರ ಚೀಟಿ ಬಂದಿದೆ:
ದಾಖಲೆಯಲ್ಲಿರುವುದು ಹನ್ನೊಂದು ಠಾಣೆ,
ಸಿಮ್ಮಿನ ಬಿಲ್ಲು ಹನ್ನೆರಡಕ್ಕೆ.
ಕಾರಣ ತಿಳಿಸಿ.

ಬುರುಲ್ ಪಟ್ಟಿಯ ತಳಕ್ಕಿಳಿದಳು.
ಅಲ್ಲಿ, ಬಣ್ಣವೇ ಇಲ್ಲದ ಒಂದು ಹೆಸರು: ತಾಯ್.
ಕುದುರೆಮರಿ ಅಂತ ಅರ್ಥವಂತೆ.
ನನ್ನ ಕಿವಿಗೆ ಬೇರೆ ಕೇಳಿಸಿತು, ಇರಲಿ.

ಜೋಲ್ ತಾಯ್.
ಯಂತ್ರ ತನ್ನ ಬೆರಳಚ್ಚು ಒತ್ತಿತು,
ಹಳೆಯದಕ್ಕೆ ತಾಳೆಯಾಯಿತು, ಬಾಗಿಲು ತೆರೆಯಿತು.
ಸಾವಿರದ ನಾನೂರ ಹದಿನೇಳು ದಿನಗಳಿಂದ
ಒಮ್ಮೆಯೂ ಕಣ್ಣು ಮುಚ್ಚಿರಲಿಲ್ಲ ಅದು.
ಒಳಗೆ ಒಂದೇ ಕಡತ, ಹತ್ತು ನಿಮಿಷಕ್ಕೊಂದು ಸಾಲು:
ತೂಕ ನಲವತ್ತೊಂದು ಕಿಲೋ ಮುನ್ನೂರು.
ಹೊರಗೆ ಮೈನಸ್ ಹತ್ತೊಂಬತ್ತು.
ಒಳಗೆ ಇಪ್ಪತ್ತೇಳು.

ನಲವತ್ತೊಂದು ಕಿಲೋ ತೂಗುವ ಹಿಮನದಿ ಎಲ್ಲಿಯದು?
ಇಷ್ಟು ಮಂಜಿನ ನಡುವೆ
ಇಷ್ಟು ಬೆಚ್ಚಗೆ ಕೂತವರು ಯಾರು,
ದಿನಕ್ಕೆ ನಲವತ್ತು ಗ್ರಾಂ ಕರಗುತ್ತ?

ಫೋನಿನ ಆ ತುದಿಯಲ್ಲಿ ಮುಕಾಶ್ ಕೆಮ್ಮಿದ.
ನಿರ್ದೇಶಕರಿಗೆ ಹೇಳಿದೆಯಾ?
ಇಲ್ಲ.
ಜೇನು, ಅಂದ. ಆತ್‌ಬಾಶಿಯ ಹಿತ್ತಲಲ್ಲಿ ಒಂದೇ ಪೆಟ್ಟಿಗೆ.
ಚಳಿಯಲ್ಲಿ ಮುಚ್ಚಳ ತೆಗೆದು ನೋಡಿದರೆ ಅವು ಸಾಯುತ್ತವೆ,
ನೋಡದಿದ್ದರೆ ನಾನು.
ಅದಕ್ಕೆ ಒಂದು ತಕ್ಕಡಿ, ಒಂದು ಹಳೇ ಬೋರ್ಡು, ಕಚೇರಿಯ ಒಂದು ಸಿಮ್ಮು.
ಕಳ್ಳತನವೇ, ಇಲ್ಲ ಅನ್ನುವುದಿಲ್ಲ.
ಮತ್ತೆ ದನಿ ತಗ್ಗಿಸಿ:
ಈಗ ಎಷ್ಟಿದೆ? ಬಿಟ್ಟ ದಿನವೇ
ಕೀಲಿಗಳನ್ನೆಲ್ಲ ಒಪ್ಪಿಸಿಬಿಟ್ಟೆ ನೋಡು.

ಎರಡು ಚಳಿಗಾಲ,
ಓದುವವರಿಲ್ಲದೆ ಬರೆಯುತ್ತಲೇ ಇತ್ತು ಮರಿ.
ಬರೆದವನು ಐವತ್ತು ಹೆಜ್ಜೆ ದೂರದಲ್ಲಿ
ಪೆಟ್ಟಿಗೆಗೆ ಕಿವಿಯಾನಿಸಿ ನಿಲ್ಲುತ್ತಿದ್ದನಂತೆ,
ತನ್ನ ಗಡಿಯಾರದ ಸದ್ದೋ ಅವುಗಳದ್ದೋ ತಿಳಿಯದೆ.

ಬುರುಲ್ ಓದಿ ಹೇಳಿದಳು.
ಅವನು ಏನೂ ಅನ್ನಲಿಲ್ಲ. ಚಹಾ ಸುರಿಯುವ ಸದ್ದು.

ಅಳಿಸುವ ಆಜ್ಞೆಯೂ ಇದೆ ಜೋಲ್‌ನಲ್ಲಿ,
ಖಚಿತವೇ ಎಂದು ಒಮ್ಮೆ ಕೇಳುತ್ತದೆ, ಒಮ್ಮೆ ಮಾತ್ರ.
ಅದನ್ನು ಅವಳು ಕೇಳಿಸಿಕೊಳ್ಳಲಿಲ್ಲ.
ಲೆಕ್ಕಪತ್ರದವರ ಚೀಟಿಯ ಬೆನ್ನಿಗೆ ಬರೆದಳು:
ಹನ್ನೆರಡನೆಯದು ಇನ್ನು ನನ್ನ ಸಂಬಳದಲ್ಲಿ ಮುರಿದುಕೊಳ್ಳಿ.
ಬಾಬ್ತು ಎಂಬ ಕಡೆ ಪೆನ್ನು ತುಸು ತಡೆಯಿತು.
ಆಮೇಲೆ: ಹುಲ್ಲು.